ಹಾಸಿಗೆ ಬಿಡುವ ಮೊದಲು ಒಂದು ನಿಮಿಷ

ನನ್ನ ದಿಂಬಿನ ಪಕ್ಕ ಇನ್ನೂರು ಪುಟದ ಒಂದು ನೋಟ್‌ಬುಕ್ ಇದೆ. ಒಂದೊಂದು ಪುಟಕ್ಕೂ ಮೂರು ಕಾಲಂ: ತಾರೀಖು, ಪಲ್ಸ್, ಷರಾ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಗೆರೆ ಎಳೆಯದೆ ಏನನ್ನೂ ಬರೆಯೋಕೆ ಬರೋದಿಲ್ಲ ನನಗೆ. ಷರಾ ಕಾಲಂ ಹಾಜರಿ ಪುಸ್ತಕದಿಂದ ಅಂಟಿಕೊಂಡ ಚಟ. ಕೆಲವು ಸಾಲು ಹೀಗಿವೆ:

63 – ಏನೂ ಇಲ್ಲ.

71 – ನಾದಿನಿ ಮಗನ ರಿಸೆಪ್ಷನ್. ಹನ್ನೊಂದಕ್ಕೆ ಊಟ. ಎರಡು ಹೋಳಿಗೆ.

66 – ಪೇಪರ್ ತಿದ್ದಿ ತಡ. ನಿದ್ದೆ ಐದೇ ಗಂಟೆ.

ಎರಡೂವರೆ ವರ್ಷದಿಂದ ಹೀಗೆ ಬರೆಯುತ್ತಿದ್ದೇನೆ. ಶುರುವಾಗಿದ್ದು 2022ರ ಜೂನ್‌ನಲ್ಲಿ, ನಮ್ಮ ಸ್ಕೂಲಿನಲ್ಲಿ ನಡೆದ ಆರೋಗ್ಯ ತಪಾಸಣೆಯಿಂದ. ಆಗ ನನಗೆ 41. ಬಿಪಿ ಸರಿ ಇತ್ತು. ಪಲ್ಸ್ 88. ನರ್ಸ್ ಬರೆದುಕೊಂಡು, "ನಾರ್ಮಲ್ಲೇ ಮೇಡಂ. 60ರಿಂದ 100ರವರೆಗೂ ನಾರ್ಮಲ್" ಅಂದರು. ನಮ್ಮಲ್ಲಿ 35 ತೆಗೆದವನೂ ಪಾಸು, 98 ತೆಗೆದವನೂ ಪಾಸು. ಆದರೆ ಇಬ್ಬರೂ ಒಂದೇ ಅಂತ ಯಾವ ಮೇಷ್ಟ್ರೂ ಹೇಳೋದಿಲ್ಲ. ಅದೊಂದು ಮಾತು ತಲೆಯಲ್ಲಿ ಕೂತುಬಿಟ್ಟಿತು. ಎರಡನೇ ಮಹಡಿಯ ಒಂಬತ್ತನೇ ಕ್ಲಾಸಿಗೆ ಹತ್ತುವಷ್ಟರಲ್ಲಿ ಏದುಸಿರು ಬರುತ್ತಿದ್ದದ್ದೂ ನಿಜವೇ.

ಮಾರನೇ ವಾರದಿಂದ ಕುಕ್ಕರಹಳ್ಳಿ ಕೆರೆಗೆ ಹೋಗೋಕೆ ಶುರು ಮಾಡಿದೆ. ಮೈಸೂರಿನವರಿಗೆ ಹೇಳಬೇಕಿಲ್ಲ, ಬೆಳಿಗ್ಗೆ ಆರಕ್ಕೆ ಆ ಏರಿಯ ಮೇಲೆ ಅರ್ಧ ಊರೇ ಇರುತ್ತದೆ. ಅಲ್ಲೇ ಸಿಕ್ಕಿದ್ದು ಸರ್. ನಿವೃತ್ತ ಪಿ.ಇ. ಮೇಷ್ಟ್ರು. ಒಂದು ಕಾಲಕ್ಕೆ 5,000 ಮೀಟರ್ ಓಡುತ್ತಿದ್ದವರು. ಎಪ್ಪತ್ತರ ಹತ್ತಿರ ಬಂದರೂ ಮೈಯಲ್ಲಿ ಒಂದು ಚೂರು ಬೊಜ್ಜಿಲ್ಲ. ನಾನು ನೂರು ಹೆಜ್ಜೆ ಓಡಿ, ಸೊಂಟ ಹಿಡಿದುಕೊಂಡು ನಿಲ್ಲೋದನ್ನ ನಾಲ್ಕು ದಿನ ನೋಡಿ, ಐದನೇ ದಿನ ತಾವಾಗಿ ಬಂದು ಕೇಳಿದರು.

"ಬೆಳಿಗ್ಗೆ ಏಳೋಕೆ ಮುಂಚೆ ನಿಮ್ಮ ಪಲ್ಸ್ ಎಷ್ಟಮ್ಮ?"

"ಗೊತ್ತಿಲ್ಲ ಸರ್. ಸ್ಕೂಲಲ್ಲಿ ನೋಡಿದಾಗ 88 ಇತ್ತು."

"ಅದು ಮೆಟ್ಟಿಲು ಹತ್ತಿ, ಕ್ಯೂನಲ್ಲಿ ನಿಂತು, ನರ್ಸನ್ನ ನೋಡಿ ಗಾಬರಿಯಾದ ಪಲ್ಸು. ನನಗೆ ಹಾಸಿಗೆ ಪಲ್ಸು ಬೇಕು."

ಅದನ್ನು ಎಣಿಸೋದಕ್ಕೂ ಒಂದು ಕ್ರಮ ಇದೆ ಅಂತ ಆಗಲೇ ಗೊತ್ತಾಗಿದ್ದು. ಎಚ್ಚರ ಆದಮೇಲೆ ಮಲಗಿದಲ್ಲೇ ಇರಬೇಕು. ಅಲಾರಂ ಕಿರುಚಿದ ಕೂಡಲೇ ಎಣಿಸಬಾರದು, ಬೆಚ್ಚಿದ ಎದೆ ಹತ್ತು ಬಡಿತ ಜಾಸ್ತಿಯೇ ಹೇಳುತ್ತದೆ. ಬಚ್ಚಲಿಗೆ ಹೋಗಲೇಬೇಕು ಅನ್ನಿಸಿದರೆ ಹೋಗಿಬಂದು ಮತ್ತೆ ಐದು ನಿಮಿಷ ಮಲಗಬೇಕು. ಫೋನ್ ಮುಟ್ಟಬಾರದು. ಮಣಿಕಟ್ಟಿನ ಮೇಲೆ, ಹೆಬ್ಬೆರಳಿನ ಬುಡದ ಕೆಳಗೆ, ಮೂರು ಬೆರಳು ಇಡಬೇಕು. ಹೆಬ್ಬೆರಳಿನಿಂದ ನೋಡಬಾರದು, ಅದರದ್ದೇ ಮಿಡಿತ ಸೇರಿಕೊಂಡು ಲೆಕ್ಕ ತಪ್ಪುತ್ತದೆ. ಪೂರ್ತಿ 60 ಸೆಕೆಂಡ್ ಎಣಿಸಬೇಕು. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದರೆ ಒಂದರ ತಪ್ಪು ನಾಲ್ಕಾಗುತ್ತದೆ. ಈ ಕೊನೆಯದನ್ನು ಸರ್ ಹೇಳಬೇಕಾಗಿರಲಿಲ್ಲ, ಅದು ನನ್ನ ಸಬ್ಜೆಕ್ಟೇ.

ಮೊದಲ ಬೆಳಿಗ್ಗೆ ಕೈ ಹಿಡಿದುಕೊಂಡು ಮಲಗಿದಾಗ ನೆನಪಾಗಿದ್ದು ಅಜ್ಜಿ ಊರಿನ ಪಂಡಿತರು. ಅವರೂ ಹೀಗೇ ಮೂರು ಬೆರಳಿಟ್ಟು ಕಣ್ಣು ಮುಚ್ಚುತ್ತಿದ್ದರು. ವಾತದ ನಾಡಿ ಹಾವಿನ ಹಾಗೆ ಹರಿಯುತ್ತದೆ, ಪಿತ್ತದ್ದು ಕಪ್ಪೆಯ ಹಾಗೆ ಕುಪ್ಪಳಿಸುತ್ತದೆ, ಕಫದ್ದು ಹಂಸದ ಹಾಗೆ ನಡೆಯುತ್ತದೆ ಅನ್ನುತ್ತಿದ್ದರು. ನನಗೆ ಹಾವೂ ಸಿಗಲಿಲ್ಲ, ಹಂಸವೂ ಸಿಗಲಿಲ್ಲ. ಸಿಕ್ಕಿದ್ದು 79. ಮಾರನೇ ದಿನ 80, ಆಮೇಲೆ 78. ಒಂದು ವಾರದ ಸರಾಸರಿ 79.

ಓಟಕ್ಕೂ ಸರ್ ಲೆಕ್ಕ ಕೊಟ್ಟರು. ಎದೆಬಡಿತದ ಗರಿಷ್ಠ ಮಿತಿ ಸುಮಾರಾಗಿ 220ರಲ್ಲಿ ವಯಸ್ಸು ಕಳೆದಷ್ಟು. ನನಗೆ 179. ಅದರಲ್ಲಿ ಹಾಸಿಗೆ ಪಲ್ಸ್ 79 ಕಳೆದರೆ ಉಳಿಯೋದು 100. ಇದೇ ಕೈಯಲ್ಲಿರುವ ಬಂಡವಾಳ. ಇದರ ಶೇಕಡಾ 60 ಅಂದರೆ 60, ಅದಕ್ಕೆ ಮತ್ತೆ 79 ಕೂಡಿಸಿದರೆ 139. ಅದರ ಆಸುಪಾಸಿನಲ್ಲೇ ಓಡಬೇಕು, ಮೇಲೆ ಹೋಗಬಾರದು. ಹೀಗೆ ಹಾಸಿಗೆ ಪಲ್ಸ್ ಕಳೆದು ಮತ್ತೆ ಕೂಡಿಸೋದು ಫಿನ್ಲೆಂಡಿನ ಸಂಶೋಧಕ ಕಾರ್ವೋನೆನ್ 1957ರಲ್ಲಿ ಕೊಟ್ಟ ಲೆಕ್ಕ. 220ರ ಸೂತ್ರ ಅಷ್ಟು ಸರಿಯಿಲ್ಲ ಅಂತ 2001ರಲ್ಲಿ ಇನ್ನೊಂದು ಬಂತು: ವಯಸ್ಸನ್ನು 0.7ರಿಂದ ಗುಣಿಸಿ 208ರಲ್ಲಿ ಕಳೆಯಬೇಕು. ನಾನು ಎರಡನ್ನೂ ಸಮೀಕರಣ ಮಾಡಿ ಬಿಡಿಸಿ ನೋಡಿದೆ. ಎರಡೂ ಗೆರೆ ಸಂಧಿಸೋದು ಸರಿಯಾಗಿ 40ನೇ ವಯಸ್ಸಿಗೆ. ನಲವತ್ತೊಂದರ ನನಗೆ ಯಾವುದಾದರೂ ಒಂದೇ! (ಆಮೇಲೆ ಚಾಮುಂಡಿ ಬೆಟ್ಟದ ರಸ್ತೆಯಲ್ಲಿ ಒಂದು ದಿನ ಪ್ರಾಣ ಹೋಗೋ ಹಾಗೆ ಓಡಿದಾಗ ಎದೆಗೆ ಕಟ್ಟಿ ಬಡಿತ ಅಳೆಯುವ ಪಟ್ಟಿ 188 ತೋರಿಸಿತು. ಸೂತ್ರ ಜನಸಮೂಹಕ್ಕೆ. ಒಬ್ಬೊಬ್ಬರಲ್ಲಿ ಹತ್ತು ಹನ್ನೆರಡು ಆಚೀಚೆ ಇರೋದು ಮಾಮೂಲು.)

139ರಲ್ಲಿ ಓಡೋದು ಅಂದರೆ ಏನು ಅಂತ ಹೇಳುತ್ತೇನೆ. ಸೀರೆ ಉಟ್ಟು, ಕ್ಯಾನ್ವಾಸ್ ಶೂ ಹಾಕಿಕೊಂಡು ವಾಕಿಂಗ್ ಬರುವ ಅಜ್ಜಿಯರು ನನ್ನನ್ನು ದಾಟಿಕೊಂಡು ಹೋಗುತ್ತಿದ್ದರು. ಒಬ್ಬರಂತೂ ತಿರುಗಿ, "ಕಾಲು ನೋವೇನಮ್ಮ?" ಅಂತ ಕೇಳಿದರು. ಒಂದು ನಿಮಿಷ ಓಟ, ಮೂರು ನಿಮಿಷ ನಡಿಗೆ. "ಪಕ್ಕದವರ ಜೊತೆ ಮನೆ ಸಮಾಚಾರ ಮಾತಾಡ್ಕೊಂಡು ಓಡೋಕೆ ಆಗ್ಬೇಕು. ಆಗಲಿಲ್ಲ ಅಂದ್ರೆ ಜೋರಾಯ್ತು ಅಂತ ಅರ್ಥ" ಅನ್ನುತ್ತಿದ್ದರು ಸರ್. ಆರು ವಾರ ಕಳೆದರೂ ಪಲ್ಸ್ 76. ಮೂರೇ ಮೂರು ಇಳಿದಿತ್ತು. ದಸರಾ ಹೊತ್ತಿಗೆ 70. 2023ರ ಮಾರ್ಚ್‌ನಲ್ಲಿ, ಪರೀಕ್ಷೆಯ ಗಲಾಟೆಯ ನಡುವೆಯೂ, 62.

ಇದು ಯಾಕೆ ಇಳಿಯುತ್ತದೆ ಅಂತ ಮಕ್ಕಳಿಗೆ ನಾನು ಬಾವಿಯ ಉದಾಹರಣೆ ಕೊಡುತ್ತೇನೆ. ಮನೆಗೆ ದಿನಕ್ಕೆ ಇಷ್ಟು ನೀರು ಅಂತ ಬೇಕೇ ಬೇಕು. ಚೊಂಬಿನಲ್ಲಿ ಸೇದಿದರೆ ನೂರು ಸಲ ಹಗ್ಗ ಎಳೆಯಬೇಕು, ಬಿಂದಿಗೆಯಲ್ಲಿ ಸೇದಿದರೆ ಇಪ್ಪತ್ತು ಸಲ ಸಾಕು. ಸುಮ್ಮನೆ ಮಲಗಿದ್ದಾಗ ಮೈಗೆ ನಿಮಿಷಕ್ಕೆ ಸುಮಾರು ಐದು ಲೀಟರ್ ರಕ್ತ ಬೇಕು. 79 ಸಲ ಬಡಿದರೆ ಒಂದು ಬಡಿತಕ್ಕೆ 63 ಮಿಲಿಲೀಟರ್. 62 ಸಲ ಬಡಿದರೆ 81 ಮಿಲಿಲೀಟರ್. ತಿಂಗಳುಗಟ್ಟಲೆ ಓಡಿದರೆ ಬಿಂದಿಗೆ ದೊಡ್ಡದಾಗುತ್ತದೆ. ಮೊದಲ ವಾರಗಳಲ್ಲಿ ರಕ್ತದ ನೀರಿನಂಶ ಹೆಚ್ಚುತ್ತದೆ. ಆಮೇಲೆ ಹೃದಯದ ಎಡ ಕೆಳಕೋಣೆ ನಿಧಾನಕ್ಕೆ ಹಿಗ್ಗಿ, ಹೆಚ್ಚು ತುಂಬಿಕೊಂಡು, ಹೆಚ್ಚು ದೂಡೋದನ್ನ ಕಲಿಯುತ್ತದೆ.

ಇನ್ನೊಂದು ಸಂಗತಿ ತಿಳಿದಾಗ ನಾನೇ ಬೆರಗಾದೆ. ಹೃದಯವನ್ನು ಅದರ ಪಾಡಿಗೆ ಬಿಟ್ಟರೆ, ಅಂದರೆ ಮೆದುಳಿನ ನರಗಳ ಹಿಡಿತ ಇಲ್ಲದಿದ್ದರೆ, ಅದು ನಿಮಿಷಕ್ಕೆ ನೂರರ ಹತ್ತಿರ ಬಡಿಯುತ್ತದೆ. ಹೃದಯ ಕಸಿ ಮಾಡಿಸಿಕೊಂಡವರ ಬಡಿತ ಮಲಗಿದ್ದಾಗಲೂ ಜೋರಾಗಿರೋದು ಇದಕ್ಕೇ, ಕಸಿಯಲ್ಲಿ ನರ ಕತ್ತರಿಸಿಹೋಗಿರುತ್ತದೆ. ನಮ್ಮೆಲ್ಲರ ಎದೆಯಲ್ಲೂ ವೇಗಸ್ ಅನ್ನೋ ನರ ಕಡಿವಾಣ ಹಿಡಿದು ಕೂತಿದೆ. ಓಡುವವರಲ್ಲಿ ಆ ಕಡಿವಾಣ ಇನ್ನಷ್ಟು ಬಿಗಿ ಅಂತ ಬಹಳ ಕಾಲ ಎಲ್ಲರೂ ನಂಬಿದ್ದರು. 2014ರಲ್ಲಿ ಮ್ಯಾಂಚೆಸ್ಟರಿನ ಸಂಶೋಧಕರು ಇಲಿಗಳನ್ನು ಓಡಿಸಿ ನೋಡಿ, ಕಡಿವಾಣ ಒಂದೇ ಕಾರಣವಲ್ಲ, ಕುದುರೆಯೇ ಬದಲಾಗುತ್ತದೆ ಅಂದರು. ಹೃದಯದೊಳಗೇ ಕೂತು ತಾಳ ಹಾಕುವ ಒಂದು ಚಿಕ್ಕ ಗಂಟಿದೆ, ಅದರ ಜೀವಕೋಶಗಳೇ ನಿಧಾನವಾಗುತ್ತವಂತೆ. ಎರಡರಲ್ಲಿ ಯಾವುದು ಎಷ್ಟು ಅನ್ನೋ ಜಗಳ ಇನ್ನೂ ಮುಗಿದಿಲ್ಲ.

ಮನುಷ್ಯನಿಗೆ ಇಷ್ಟೇ ಬಡಿತ ಅಂತ ದೇವರು ಎಣಿಸಿ ಕೊಟ್ಟಿರ್ತಾನೆ, ಓಡಿ ಖರ್ಚು ಮಾಡ್ಬೇಡ ಅಂತ ನಮ್ಮತ್ತೆ ಹೇಳುತ್ತಿದ್ದರು. ನಾನು ಅವರ ಮುಂದೆ ಲೆಕ್ಕ ಇಟ್ಟೆ. 79ರಂತೆ ದಿನಕ್ಕೆ 1,13,760 ಬಡಿತ. 62ರಂತೆ 89,280. ದಿನಕ್ಕೆ 24,480 ಉಳಿತಾಯ. ಒಂದು ಗಂಟೆ ಓಡೋಕೆ ನಾಲ್ಕು ಸಾವಿರದಷ್ಟು ಹೆಚ್ಚುವರಿ ಖರ್ಚಾದರೂ ಲಾಭವೇ. ಅತ್ತೆ ಸ್ವಲ್ಪ ಹೊತ್ತು ಯೋಚಿಸಿ, "ಹಾಗಾದ್ರೆ ಬೇಗ ಹೋಗಿ ಬೇಗ ಬಾ, ತಿಂಡಿಗೆ ಲೇಟಾಗುತ್ತೆ" ಅಂದರು.

ಏಪ್ರಿಲ್‌ನಲ್ಲಿ ನಮ್ಮೆಜಮಾನರು ಹುಟ್ಟುಹಬ್ಬಕ್ಕೆ ವಾಚು ಕೊಡಿಸಿದರು. ಅಲ್ಲಿಂದ ನನ್ನ ತಲೆ ಕೆಡೋಕೆ ಶುರುವಾಯಿತು ನೋಡಿ. ಬೆರಳಿಟ್ಟು ಎಣಿಸಿದರೆ 62. ವಾಚು ಹೇಳಿದ್ದು 55. ಒಂದು ರಾತ್ರಿಯಲ್ಲಿ ಏಳು ಇಳಿದೆ ಅಂತ ಸ್ಟಾಫ್ ರೂಮಿನಲ್ಲಿ ಹೇಳಿಕೊಂಡೂ ಬಿಟ್ಟೆ. ಆಮೇಲೆ ತಿಳಿಯಿತು. ಅದು ನಿದ್ದೆಯಲ್ಲಿ ಎಲ್ಲಕ್ಕಿಂತ ಕಡಿಮೆ ಇದ್ದ ಅರ್ಧ ಗಂಟೆಯ ಸರಾಸರಿ ತೆಗೆಯುತ್ತದೆ. ನಾನು ಎಣಿಸೋದು ಎಚ್ಚರ ಇದ್ದಾಗ. ಇಬ್ಬರೂ ಸುಳ್ಳು ಹೇಳುತ್ತಿಲ್ಲ, ಬೇರೆ ಬೇರೆ ಪ್ರಶ್ನೆಗೆ ಉತ್ತರ ಬರೆಯುತ್ತಿದ್ದೇವೆ. ಓಡುವಾಗ ಅದರ ತಮಾಷೆ ಇನ್ನೊಂದು ಥರ. ಚರ್ಮಕ್ಕೆ ಹಸಿರು ಬೆಳಕು ಬಿಟ್ಟು, ರಕ್ತ ಬಂದು ಹೋಗೋದನ್ನ ನೋಡಿ ಅದು ಬಡಿತ ಎಣಿಸುತ್ತದೆ. ಪಟ್ಟಿ ಸಡಿಲ ಇದ್ದರೆ ಹೆಜ್ಜೆಯ ಕುಲುಕಾಟವನ್ನೇ ಬಡಿತ ಅಂದುಕೊಳ್ಳುತ್ತದೆ. ಆರಾಮಾಗಿ ಹರಟೆ ಹೊಡೆಯುತ್ತಾ ಓಡುತ್ತಿದ್ದೆ, ವಾಚಿನಲ್ಲಿ 172. ಗಾಬರಿಯಾಗಿ ನಿಂತು ಎಣಿಸಿದರೆ 136. ನಿಮಿಷಕ್ಕೆ ನಾನು ಇಡುತ್ತಿದ್ದ ಹೆಜ್ಜೆ 172! ಎದೆಗೆ ಕಟ್ಟುವ ಪಟ್ಟಿ ಕೊಂಡಿದ್ದು ಆಮೇಲೆ. ಅದು ಹೃದಯದ ವಿದ್ಯುತ್ತನ್ನೇ ಹಿಡಿಯೋದರಿಂದ ಈ ಗೊಂದಲ ಇಲ್ಲ.

ನಮ್ಮ ಓಟದ ಗುಂಪಿನಲ್ಲಿ ಆಗ ಒಂದು ಕಾಯಿಲೆ ಹರಡಿತ್ತು. ದಿನಾ ಬೆಳಿಗ್ಗೆ ಎಲ್ಲರೂ ತಮ್ಮ ತಮ್ಮ ನಂಬರ್ ಹಾಕೋದು. ಒಬ್ಬರದ್ದು 49, ಒಬ್ಬರದ್ದು 46. ಯಾರೋ ಒಬ್ಬರು ಸ್ಪೇನಿನ ಸೈಕಲ್ ಪಟು ಮಿಗೆಲ್ ಇಂದುರೈನ್ ಹೆಸರು ತಂದರು. 1991ರಿಂದ 1995ರವರೆಗೆ ಸತತ ಐದು ಸಲ ಟೂರ್ ದ ಫ್ರಾನ್ಸ್ ಗೆದ್ದವನು. ಅವನ ಪಲ್ಸ್ 28 ಅಂತ ಎಲ್ಲೆಲ್ಲೂ ಹೇಳುತ್ತಾರೆ. ಸರಿ, ನಾನೂ ಇಳಿಸಲೇಬೇಕು ಅಂತ ಹಟ ಹಿಡಿದೆ.

ಆ ಹಟ ಇಳಿಸಿದ್ದು ನಮ್ಮಪ್ಪ. ಬೇಸಿಗೆ ರಜೆಯಲ್ಲಿ ತವರಿಗೆ ಹೋಗಿದ್ದಾಗ ವಾಚನ್ನು ಅಪ್ಪನ ಕೈಗೆ ಕಟ್ಟಿ, ಅಲ್ಲೇ ಈಜಿಚೇರಿನಲ್ಲಿ ಕೂರಿಸಿದೆ. 54. ಅಪ್ಪನಿಗೆ 74 ವರ್ಷ. ಅವರ ಅತಿ ದೊಡ್ಡ ಓಟ ಅಂದರೆ ಹಾಲಿನ ಡೈರಿವರೆಗೆ. "ಏನ್ ಪುಟ್ಟಿ, ನಿಂಗಿಂತ ಕಮ್ಮಿನಾ?" ಅಂತ ಮೀಸೆಯಲ್ಲೇ ನಕ್ಕರು. ಬಿಪಿಗೆ ಅವರು ತೆಗೆದುಕೊಳ್ಳುವ ಮಾತ್ರೆಯ ಚೀಟಿ ನೋಡಿದೆ. ಬೀಟಾ ಬ್ಲಾಕರ್. ಆ ಗುಂಪಿನ ಮಾತ್ರೆಗಳ ಕೆಲಸವೇ ಬಡಿತ ನಿಧಾನ ಮಾಡೋದು. ಥೈರಾಯ್ಡ್ ಕಡಿಮೆ ಇದ್ದರೂ ಪಲ್ಸ್ ಇಳಿಯುತ್ತದೆ. ಕೆಲವರಿಗೆ ಹುಟ್ಟಿನಿಂದಲೇ ಕಡಿಮೆ. 46 ಇರುವವರು 56 ಇರುವವರಿಗಿಂತ ಚೆನ್ನಾಗಿ ಓಡುತ್ತಾರೆ ಅನ್ನೋ ನಿಯಮ ಏನೂ ಇಲ್ಲ. ನಮ್ಮ ಗುಂಪಿನಲ್ಲಿ ಎಲ್ಲರಿಗಿಂತ ಜೋರಾಗಿ ಓಡುವ ಹುಡುಗಿಯ ನಂಬರ್ 58. ನನ್ನ ನಂಬರನ್ನು ಹೋಲಿಸಬೇಕಾದ್ದು ನನ್ನ ನಿನ್ನೆಯ ನಂಬರಿನ ಜೊತೆ. ನಾನು ಗುಂಪಿನಲ್ಲಿ ಹಾಕೋದು ಬಿಟ್ಟೆ. ನೋಟ್‌ಬುಕ್ ಮಾತ್ರ ಬಿಡಲಿಲ್ಲ.

ಬಿಡದೇ ಇದ್ದದ್ದು ಒಳ್ಳೆಯದಾಯಿತು.

2023ರ ಜುಲೈ ಕೊನೆಯಿಂದ ನಂಬರ್ ಏರೋಕೆ ಶುರುವಾಯಿತು. 61 ಇದ್ದದ್ದು 63, 64. ಮೊದಲು ತಲೆಕೆಡಿಸಿಕೊಳ್ಳಲಿಲ್ಲ. ಹೆಂಗಸರಿಗೆ ತಿಂಗಳ ಎರಡನೇ ಅರ್ಧದಲ್ಲಿ, ಮುಟ್ಟಿಗೆ ಮುಂಚಿನ ದಿನಗಳಲ್ಲಿ, ಎರಡು ಮೂರು ಬಡಿತ ಹೆಚ್ಚೇ ಇರುತ್ತದೆ. ನನ್ನ ನೋಟ್‌ಬುಕ್ಕಿನಲ್ಲಿ ಅದು ಪ್ರತಿ ತಿಂಗಳೂ ಅಲೆಯ ಹಾಗೆ ಕಾಣುತ್ತದೆ. ಆದರೆ ಈ ಸಲ ಮುಟ್ಟು ಮುಗಿದರೂ ಅಲೆ ಇಳಿಯಲಿಲ್ಲ. 66. ಹೊಸದಾಗಿ ವಾರಕ್ಕೊಂದು ದಿನ ಬೆಟ್ಟದ ಮೆಟ್ಟಿಲು ಹತ್ತುತ್ತಿದ್ದೆ, ಅದು ಜಾಸ್ತಿಯಾಗಿರಬೇಕು ಅಂದುಕೊಂಡೆ. ಸರ್ ಕೂಡ, "ಹತ್ತು ದಿನ ಓಟ ನಿಲ್ಸಿ. ದಣಿವಾಗಿದ್ರೆ ಇಳಿದೇ ಇಳಿಯುತ್ತೆ" ಅಂದರು. ನಿಲ್ಲಿಸಿದೆ. ಹತ್ತು ದಿನ ಆದಮೇಲೆ 69.

ಅಷ್ಟರಲ್ಲಿ ಹಳೆಯ ಏದುಸಿರು ವಾಪಸ್ ಬಂದಿತ್ತು. ಎರಡನೇ ಮಹಡಿ ಹತ್ತಿ, ಬೋರ್ಡಿನ ಮೇಲೆ ತಾರೀಖು ಬರೆಯೋ ನೆಪದಲ್ಲಿ ಸುಧಾರಿಸಿಕೊಳ್ಳುತ್ತಿದ್ದೆ. ಮೊದಲು ಹೋದ ಕ್ಲಿನಿಕ್ಕಿನಲ್ಲಿ ಡಾಕ್ಟರು ನನ್ನ ನೋಟ್‌ಬುಕ್ ತೆರೆಯಲೂ ಇಲ್ಲ. "69 ಅಂದ್ರೆ ನಾರ್ಮಲ್ ಅಲ್ವಾ? ಈ ವಯಸ್ಸಲ್ಲಿ ಯಾಕೆ ಓಡ್ತೀರಿ, ವಾಕಿಂಗ್ ಮಾಡಿ ಸಾಕು" ಅಂದು ವಿಟಮಿನ್ ಬರೆದು ಕಳಿಸಿದರು. ಮತ್ತೆ ಅದೇ 60ರಿಂದ 100. ಅವರಿಗೆ 69 ಒಂದು ನಂಬರ್. ನನಗೆ ಅದು ಎಂಟು ವಾರದ ಏರುಗೆರೆ.

ಎರಡನೇ ಸಲ ತೋರಿಸಿದ್ದು ಒಬ್ಬ ಲೇಡಿ ಡಾಕ್ಟರಿಗೆ. ಅವರು ಪುಟ ತಿರುವುತ್ತಾ, ಪಲ್ಸ್ ಕಾಲಂ ಬಿಟ್ಟು ಷರಾ ಕಾಲಂ ಓದಿದರು. ಅಲ್ಲಿ ಪ್ರತಿ ತಿಂಗಳೂ "ಮುಟ್ಟು, ಆರನೇ ದಿನ", "ಏಳನೇ ದಿನ, ಇನ್ನೂ ಜೋರು" ಅಂತ ನಾನೇ ಬರೆದಿದ್ದೆ. ಬರೆದಿದ್ದೆ, ಓದಿರಲಿಲ್ಲ. ಆಮೇಲೆ ವಿಚಿತ್ರ ಪ್ರಶ್ನೆ ಕೇಳಿದರು.

"ಹಸಿ ಅಕ್ಕಿ, ಸೀಮೆಸುಣ್ಣ, ಐಸು, ಇಂಥದ್ದೇನಾದ್ರೂ ತಿನ್ಬೇಕು ಅನ್ಸುತ್ತಾ?"

ನನ್ನ ಮುಖ ಕೆಂಪಾಗಿರಬೇಕು. ಮೂರು ತಿಂಗಳಿಂದ ಅನ್ನಕ್ಕೆ ಅಕ್ಕಿ ತೆಗೆಯುವಾಗೆಲ್ಲ ಒಂದು ಹಿಡಿ ಬಾಯಿಗೆ ಹೋಗುತ್ತಿತ್ತು. ಚಿಕ್ಕವಳಿದ್ದಾಗ ಅಮ್ಮ, "ಹಸಿ ಅಕ್ಕಿ ತಿಂದ್ರೆ ಮದುವೆ ದಿನ ಮಳೆ ಬರುತ್ತೆ" ಅಂತ ಹೆದರಿಸುತ್ತಿದ್ದಳು. ಈಗ ಮದುವೆಯಾಗಿ ಹದಿನೇಳು ವರ್ಷ, ಹೆದರಿಸುವವರು ಯಾರು? ಕಬ್ಬಿಣದ ಅಂಶ ಕಡಿಮೆಯಾದವರಿಗೆ ಈ ಚಪಲ ಬರುತ್ತದಂತೆ. ರಕ್ತ ಪರೀಕ್ಷೆ ಮಾಡಿಸಿದರು. ಹೆಂಗಸರಿಗೆ 12 ಇರಬೇಕಾದ ಹಿಮೋಗ್ಲೋಬಿನ್ ನನಗೆ 9.6. ಮೈಯಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಅಂತ ಹೇಳುವ ಫೆರಿಟಿನ್ 8. ತಿಜೋರಿ ಖಾಲಿ.

ಬಾವಿಯ ಲೆಕ್ಕ ಇಲ್ಲೂ ಸರಿಹೋಗುತ್ತದೆ. ಬಿಂದಿಗೆ ದೊಡ್ಡದೇ ಇತ್ತು. ಆದರೆ ಅದರಲ್ಲಿದ್ದದ್ದು ನೀರು ಬೆರೆಸಿದ ಹಾಲು. ಮೈಗೆ ಬೇಕಾದ್ದು ಆಮ್ಲಜನಕ, ಅದನ್ನು ಹೊರುವುದು ಹಿಮೋಗ್ಲೋಬಿನ್. ಒಂದು ಬಿಂದಿಗೆಯಲ್ಲಿ ಕಡಿಮೆ ಬಂದರೆ ಜಾಸ್ತಿ ಸಲ ಸೇದಬೇಕು, ಬೇರೆ ದಾರಿಯಿಲ್ಲ. ಓಡುವವರಲ್ಲಿ ರಕ್ತದ ನೀರಿನಂಶ ಹೆಚ್ಚೋದರಿಂದ ಹಿಮೋಗ್ಲೋಬಿನ್ ಸ್ವಲ್ಪ ಕಡಿಮೆ ತೋರಿಸೋದು ಇದ್ದೇ ಇದೆ, ಅದಕ್ಕೇ ಫೆರಿಟಿನ್ ನೋಡಿದ್ದು ಅಂತ ಡಾಕ್ಟರು ಬಿಡಿಸಿ ಹೇಳಿದರು. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇಕಡಾ 57 ಮಂದಿಗೆ ರಕ್ತಹೀನತೆ ಇದೆ. ಓಟದ ಗುಂಪಿನಲ್ಲಿ ಶೂ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತೇವೆ. ಒಬ್ಬರೂ ಇದನ್ನು ಮಾತಾಡಿದ್ದು ನನಗೆ ನೆನಪಿಲ್ಲ.

ಮಾತ್ರೆ ನುಂಗೋದು ಸುಲಭ. ಕಷ್ಟ ಆಗಿದ್ದು ಕಾಫಿ. ಕಬ್ಬಿಣದ ಮಾತ್ರೆಯ ಹತ್ತಿರ ಕಾಫಿ, ಟೀ ಸುಳಿಯಬಾರದು, ಕುಡಿದರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತೋದಿಲ್ಲ. ನಿಂಬೆಹಣ್ಣಿನ ಪಾನಕದ ಜೊತೆ ತಗೊಳ್ಳಿ ಅಂದರು. ಬೆಳಗಿನ ಮೊದಲ ಲೋಟ ಡಿಕಾಕ್ಷನ್ ಕಾಫಿ ಬಿಟ್ಟು, ನಿಂಬೆ ಪಾನಕ ಹಿಡಿದು ಕೂತ ಮೈಸೂರಿನವಳನ್ನು ಒಮ್ಮೆ ಊಹಿಸಿಕೊಳ್ಳಿ. ಯಜಮಾನರು ಎದುರಿಗೇ ಕೂತು ಸೊರ್ ಅಂತ ಹೀರುತ್ತಿದ್ದರು. ಮುಟ್ಟಿನ ತೊಂದರೆಗೆ ಬೇರೆ ಚಿಕಿತ್ಸೆಯೂ ನಡೆಯಿತು. ಅಕ್ಟೋಬರ್‌ಗೆ 66, ನವೆಂಬರ್‌ಗೆ 63, ಡಿಸೆಂಬರ್ ಕೊನೆಗೆ 60. ಅಕ್ಕಿ ಡಬ್ಬದ ಮೇಲಿನ ಆಸೆ ಪಲ್ಸಿಗಿಂತ ಬೇಗ ಇಳಿದಿತ್ತು.

ಮೈ ಸರಿಹೋದ ಖುಷಿಯಲ್ಲಿ ಬೆಂಗಳೂರಿನ ಒಂದು ಹಾಫ್ ಮ್ಯಾರಥಾನ್‌ಗೆ ಹೆಸರು ಕೊಟ್ಟೆ. ನಲವತ್ತು ದಾಟಿದೆ, ಒಮ್ಮೆ ಹೃದಯ ತೋರಿಸಿಕೋ ಅಂತ ತಮ್ಮ ಹಟ ಮಾಡಿದ. ಇಸಿಜಿ ತೆಗೆದ ಹುಡುಗ ಚೀಟಿ ಹರಿದು ಕೈಗೆ ಕೊಟ್ಟ. ಮೇಲ್ಗಡೆ ಮಿಷನ್ನೇ ಅಚ್ಚು ಹಾಕಿತ್ತು: ಸೈನಸ್ ಬ್ರಾಡಿಕಾರ್ಡಿಯಾ, 57. ಕಾಯಿಲೆಯ ಹೆಸರಿನ ಹಾಗೇ ಇದೆ ಅಲ್ವಾ? ಒಳಗೆ ಕರೆಯುವವರೆಗಿನ ಇಪ್ಪತ್ತು ನಿಮಿಷ ನನ್ನ ಬಡಿತ ಖಂಡಿತ ಬ್ರಾಡಿಕಾರ್ಡಿಯಾ ಆಗಿರಲಿಲ್ಲ.

ಡಾಕ್ಟರು ನಕ್ಕರು. 60ಕ್ಕಿಂತ ಕೆಳಗೆ ಬಂದರೆ ಮಿಷನ್ ಹಾಗೆ ಬರೆಯುತ್ತದೆ ಅಷ್ಟೇ. ಅವರು ಕೇಳಿದ್ದು ನಂಬರ್ ಅಲ್ಲ. ತಲೆ ಸುತ್ತುತ್ತಾ? ಯಾವತ್ತಾದರೂ ಪ್ರಜ್ಞೆ ತಪ್ಪಿ ಬಿದ್ದಿದ್ದೀರಾ? ಓಡುವಾಗ ಎದೆ ಹಿಡಿದ ಹಾಗೆ ಆಗುತ್ತಾ? ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ಹಠಾತ್ತಾಗಿ ಹೋದವರಿದ್ದಾರಾ? ಯಾವುದೂ ಇಲ್ಲ ಅಂದೆ. ಟ್ರೆಡ್‌ಮಿಲ್ ಮೇಲೆ ಹತ್ತಿಸಿದರು. ಮೂರು ಮೂರು ನಿಮಿಷಕ್ಕೆ ವೇಗವೂ ಏರುತ್ತದೆ, ಏರೂ ಹೆಚ್ಚುತ್ತದೆ. ನಾಲ್ಕನೇ ಹಂತದವರೆಗೂ ಹೋದೆ. ನಿಧಾನ ಬಡಿಯುವ ಹೃದಯ ಕೆಲಸ ಬಿದ್ದಾಗ ಜೋರಾಗುತ್ತದಾ ಅನ್ನೋದು ಅವರಿಗೆ ಬೇಕಿದ್ದ ಉತ್ತರ, ಅದು ಸಿಕ್ಕಿತು. ಇಳಿದಮೇಲಿನ ಮೊದಲ ನಿಮಿಷದಲ್ಲಿ ಬಡಿತ 34 ಇಳಿಯಿತು. ಅವರಿಗೆ 57ಕ್ಕಿಂತ ಈ 34 ಹೆಚ್ಚು ಹಿಡಿಸಿತು. ಒಂದು ನಿಮಿಷದಲ್ಲಿ 12 ಕೂಡ ಇಳಿಯದಿದ್ದರೆ ಯೋಚಿಸಬೇಕಾಗುತ್ತಂತೆ.

ಓಡುವವರ ಹೃದಯ ದೊಡ್ಡದಾಗುತ್ತದೆ ಅಂತ ಮೊದಲು ಹೇಳಿದವರಲ್ಲಿ ಸ್ವೀಡನ್ನಿನ ಹೆನ್ಶೆನ್ ಒಬ್ಬ. 1899ರಲ್ಲಿ, ಸ್ಕ್ಯಾನೂ ಇಲ್ಲ ಏನೂ ಇಲ್ಲ, ಹಿಮದ ಮೇಲೆ ಸ್ಕೀ ಮಾಡುವವರ ಎದೆಯನ್ನು ಬೆರಳಿನಿಂದ ತಟ್ಟಿ, ಸದ್ದು ಕೇಳಿ ಕಂಡುಹಿಡಿದ. ಹಲಸಿನಹಣ್ಣು ತಟ್ಟಿ ನೋಡುವ ಹಾಗೆ. ಅಂಥ ಹೃದಯ ಕಾಯಿಲೆಯೋ ಆರೋಗ್ಯವೋ ಅಂತ ಆಮೇಲೆ ಬಹಳ ವರ್ಷ ವಾದ ನಡೆಯಿತು. ಅದೇ ಸ್ವೀಡನ್ನಿನಲ್ಲಿ ವಾಸಾಲೋಪೆಟ್ ಅನ್ನೋ 90 ಕಿಲೋಮೀಟರಿನ ಸ್ಕೀ ಸ್ಪರ್ಧೆ ಇದೆ. ಅದರಲ್ಲಿ ಭಾಗವಹಿಸಿದ ಐವತ್ತು ಸಾವಿರಕ್ಕೂ ಹೆಚ್ಚು ಜನರನ್ನು ವರ್ಷಗಟ್ಟಲೆ ಗಮನಿಸಿ 2013ರಲ್ಲಿ ವರದಿ ಮಾಡಿದರು. ಹೆಚ್ಚು ಸಲ ಸ್ಪರ್ಧಿಸಿದವರಲ್ಲಿ ಮುಂದೆ ಹೃದಯದ ತಾಳ ತಪ್ಪೋದು ಹೆಚ್ಚಾಗಿ ಕಂಡಿತು. ವಾರಕ್ಕೆ ನಾಲ್ಕು ದಿನ ಕೆರೆ ಸುತ್ತುವ ನನಗೆ ಇದು ದೂರದ ಮಾತು. ಸರ್‌ಗೆ ಅಷ್ಟು ದೂರದ್ದಾಗಿರಲಿಲ್ಲ.

ಹಾಫ್ ಮ್ಯಾರಥಾನ್ ಬಗ್ಗೆ ಹೇಳೋಕೆ ಜಾಸ್ತಿ ಇಲ್ಲ. ಎರಡು ಗಂಟೆ 31 ನಿಮಿಷ. ಹದಿನಾರನೇ ಕಿಲೋಮೀಟರಿನಲ್ಲಿ ಬಿಸಿಲು ಏರಿ, ವೇಗ ಅದೇ ಇದ್ದರೂ ಬಡಿತ ತಾನಾಗಿ ಹತ್ತು ಮೇಲೆ ಹೋಯಿತು. ಬೆವರು ಹರಿದು ರಕ್ತ ಕಡಿಮೆಯಾದರೆ ಹಾಗೇ ಆಗೋದು. ಮಾರನೇ ಬೆಳಿಗ್ಗೆ 68, ಮೂರನೇ ದಿನ 60. ಮೆಡಲ್ ದೇವರ ಮನೆಯ ಮೊಳೆಗೆ ನೇತುಬಿದ್ದಿದೆ.

ಸರ್ ವಿಷಯಕ್ಕೆ ಬರುತ್ತೇನೆ. ಅವರ ಹಾಸಿಗೆ ಪಲ್ಸ್ 38. ನಲವತ್ತು ವರ್ಷದಿಂದ ಅವರೂ ನೋಟ್‌ಬುಕ್ ಬರೆಯುತ್ತಾರೆ. 38 ಅಂತ ಹೇಳುವಾಗ ಅವರ ದನಿಯಲ್ಲಿ ಒಂದು ಸಣ್ಣ ಗತ್ತು ಇರುತ್ತಿತ್ತು. ಅವರಿಗಿದ್ದ ಒಂದೇ ಒಂದು ಗತ್ತು ಅದು. 2024ರ ಆಗಸ್ಟ್‌ನಲ್ಲಿ ಒಂದು ಬೆಳಿಗ್ಗೆ ಏರಿಯ ಮೇಲೆ ನಮ್ಮ ಮುಂದೆ ನಡೆಯುತ್ತಿದ್ದವರು ಸದ್ದಿಲ್ಲದೆ ಕುಸಿದರು. ಅರ್ಧ ನಿಮಿಷದಲ್ಲಿ ಎಚ್ಚರವಾಯಿತು. "ಏನಿಲ್ಲ, ಏನಿಲ್ಲ" ಅನ್ನುತ್ತಲೇ ಇದ್ದರು. ನಾನು ಮಣಿಕಟ್ಟು ಹಿಡಿದೆ. ಒಂದು ಬಡಿತ. ಆಮೇಲೆ ಎಷ್ಟು ಹೊತ್ತಾದರೂ ಇನ್ನೊಂದು ಬರಲೇ ಇಲ್ಲ. ಬಂತು. ಪೂರ್ತಿ ನಿಮಿಷ ಎಣಿಸುವ ಧೈರ್ಯ ಆಗಲಿಲ್ಲ, ಅರ್ಧಕ್ಕೇ ಬಿಟ್ಟೆ. 14 ಆಗಿತ್ತು.

ಆಸ್ಪತ್ರೆಯಲ್ಲಿ ಅವರ ಮಗಳು ನೋಟ್‌ಬುಕ್ ತಂದು ಡಾಕ್ಟರ ಮುಂದಿಟ್ಟರು. ನಾನೂ ನೋಡಿದೆ. 38, 37, 36, 36. ಪಕ್ಕದಲ್ಲಿ, ನನ್ನಿಂದ ಕಲಿತು ಹೊಸದಾಗಿ ಎಳೆದ ಷರಾ ಕಾಲಂ. "ಏಳುವಾಗ ತಲೆ ಸುತ್ತು." "ಬಚ್ಚಲಲ್ಲಿ ಗೋಡೆ ಹಿಡಿದೆ." "ಮತ್ತೆ ಸುತ್ತು." ಎರಡು ತಿಂಗಳಿಂದ ಬರೆದಿದ್ದರು. ಯಾರಿಗೂ ಹೇಳಿರಲಿಲ್ಲ. ನಂಬರ್ ಇಳಿಯುತ್ತಿದೆ ಅಂತ ಒಳಗೊಳಗೇ ಖುಷಿ ಪಟ್ಟಿದ್ದರೋ ಏನೋ. ತಾಳ ಹಾಕುವ ಗಂಟು ಸೋತಿತ್ತು. ವಯಸ್ಸಿನಿಂದಲೋ, ಅಷ್ಟು ವರ್ಷದ ಓಟದಿಂದಲೋ, ಅಥವಾ ಎರಡೂ ಸೇರಿಯೋ, ಬಿಡಿಸಿ ಹೇಳೋಕೆ ಆಗೋದಿಲ್ಲ ಅಂದರು ಡಾಕ್ಟರು. ಪೇಸ್‌ಮೇಕರ್ ಹಾಕಿದರು. 60ಕ್ಕಿಂತ ಕೆಳಗೆ ಇಳಿಯದ ಹಾಗೆ ಕಾಯುತ್ತದೆ.

ಎಡಗೈ ಮೇಲೆ ಎತ್ತಬಾರದು ಅನ್ನೋ ಗಡುವು ಮುಗಿದಮೇಲೆ ಮತ್ತೆ ಕೆರೆಗೆ ಬರುತ್ತಿದ್ದಾರೆ. ಓಟ ಇಲ್ಲ, ನಡಿಗೆ. ಮೊದಲ ದಿನ ನನ್ನನ್ನು ನೋಡಿ, "ನಿಮ್ಮದೂ 60, ನನ್ನದೂ 60. ಸಮ ಆಯ್ತಲ್ಲಮ್ಮ" ಅಂದರು. ನೋಟ್‌ಬುಕ್ ಬಿಟ್ಟಿರಬಹುದು ಅಂದುಕೊಂಡಿದ್ದೆ. ಬಿಟ್ಟಿಲ್ಲ. ಮೊನ್ನೆ ಕಲ್ಲು ಬೆಂಚಿನ ಮೇಲೆ ಕೂತು ತೋರಿಸಿದರು. ಪಲ್ಸ್ ಕಾಲಂನಲ್ಲಿ 60, ಅದರ ಕೆಳಗೆಲ್ಲ ಅಂಗಡಿ ಲೆಕ್ಕದ ಹಾಗೆ ಬರೀ ಅಡ್ಡಗೆರೆ. ಷರಾ ಮಾತ್ರ ಸಾಲು ದಾಟಿ ಅಂಚಿನವರೆಗೂ ಹರಿದಿತ್ತು. ಮೊಮ್ಮಗಳಿಗೆ ಸೈಕಲ್ ಬಂತು. ಮೊಣಕಾಲು ನೋವು, ಬಲ. ಪಕ್ಕದ ಮನೆಯವರು ಹಲಸಿನಹಣ್ಣು ಕೊಟ್ಟರು, ಮೂರು ತೊಳೆ. ಕೆರೆಗೆ ಹೆಜ್ಜಾರ್ಲೆ ಬಂದಿವೆ, ಎಣಿಸಿದೆ, 23.